ಒಂದು ಪುಟದ ಗಂಡ

ಮಿಣುಕುತ್ತಿದೆ, ಆರುತ್ತಿದೆ, ಮತ್ತೆ ಮಿಣುಕುತ್ತಿದೆ, ದಾರ ಪೋಣಿಸದ ಸೂಜಿಯೊಂದು ಬಟ್ಟೆಯೇ ಇಲ್ಲದ ಕಡೆ ಸುಮ್ಮನೆ ಕುಟ್ಟುತ್ತಿರುವ ಹಾಗೆ, ಪರದೆಯ ಮೇಲಿನ ಈ ಪುಟ್ಟ ಗೆರೆ — ಹೆಸರಿನ ಮುಂದೆ ಇವರ ಹೆಸರು ಹೊಡೆದದ್ದಾಯಿತು, ಹುಟ್ಟಿದ ದಿನ, ವಿಳಾಸ, ಮೂರನೇ ಮಹಡಿ ಎಂಬುದನ್ನೂ ಬಿಡದೆ ಸೇರಿಸಿದ್ದಾಯಿತು, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಅನುಭವ ಎಂದು ಹೊಡೆದು ಅರ್ಧ ಗಂಟೆಯಾಯಿತು, ಸೂಜಿ ಅಲ್ಲೇ ಕುಟ್ಟುತ್ತಿದೆ. ಮಗಳ ಹಳೆಯ ಲ್ಯಾಪ್‌ಟಾಪ್, ಒಂದು ಕೀಲಿಯ ಮುಚ್ಚಳ ಕಿತ್ತುಹೋಗಿದೆ, ಆ ಅಕ್ಷರ ಬಂದಾಗಲೆಲ್ಲ ಪೆನ್ಸಿಲಿನ ಹಿಂಬದಿಯಿಂದ ಒತ್ತಬೇಕು, ಇವರ ಹೆಸರಿನಲ್ಲೇ ಅದು ಎರಡು ಸಲ ಬರುತ್ತದೆ. ಗಂಟೆ ಹತ್ತು ದಾಟಿತು. ನಾಲ್ಕರೊಳಗೆ ಕಾಗದ ಔಷಧಿ ಕಾರ್ಖಾನೆಯ ಕಚೇರಿಯಲ್ಲಿರಬೇಕು, ಒಂದೇ ಪುಟ, ಎರಡಾದರೆ ಓದುವುದಿಲ್ಲವಂತೆ, ನಿನ್ನೆ ಸಂಜೆ ಕೊಕ್ಕರೆ ಫೋನ್ ಮಾಡಿ ಹೇಳಿದ್ದು — ಕೊಕ್ಕರೆ ಎಂದರೆ ಇವರ ಜೊತೆ ಗಾಜಿನ ಕಾರ್ಖಾನೆಯಲ್ಲಿದ್ದವನು, ಕತ್ತು ಉದ್ದ ಎಂದು ಆ ಹೆಸರು, ಅವನ ನಿಜವಾದ ಹೆಸರು ಅವನ ಹೆಂಡತಿಗಾದರೂ ನೆನಪಿದೆಯೋ ಇಲ್ಲವೋ — ಗಾಜಿನ ಕಾರ್ಖಾನೆ ಮುಚ್ಚಿದ ಎರಡನೇ ತಿಂಗಳಿಗೇ ಅವನು ಔಷಧಿಯವರಲ್ಲಿ ಸೇರಿಕೊಂಡ, ಈಗ ಅಲ್ಲಿ ಬಾಟಲಿ ಪರೀಕ್ಷೆಗೆ ಇನ್ನೊಬ್ಬರು ಬೇಕಂತೆ, ಹೊಸಬರಿಗೆ ಕಲಿಸಲೂ ಬರಬೇಕಂತೆ, ಅತ್ತಿಗೆ, ಇದು ಅವನ ಅಳತೆಗೇ ಹೊಲಿದ ಅಂಗಿ ಇದ್ದ ಹಾಗಿದೆ, ಅವನ ಕೈಲಿ ಒಂದು ಬಯೋಡೇಟಾ ಬರೆಸಿಬಿಡಿ ಅಂದ. ಇವರ ಕೈಲಿ. ಇವರ ಕೈಗಳು ಅಗೋ, ತೆರೆದ ಬಾಗಿಲಿನಿಂದ ಕಾಣುತ್ತಿವೆ, ಒಳಕೋಣೆಯ ಕುರ್ಚಿಯಲ್ಲಿ ಎರಡು ಮೊಣಕಾಲಿನ ಮೇಲೆ ಎರಡು ಕೈ, ಇಸ್ತ್ರಿ ಹೊಡೆದು ಮಡಿಸಿಟ್ಟ ಹಾಗೆ, ನಾಲ್ಕು ತಿಂಗಳಿಂದ ಹಾಗೇ ಇವೆ. ಸ್ನಾನ ಮಾಡಿ ಎಂದರೆ ಮಾಡುತ್ತಾರೆ, ಊಟ ಎಂದರೆ ಬರುತ್ತಾರೆ, ಮತ್ತೆ ಹೋಗಿ ಅದೇ ಗೋಡೆಗೆ ಮುಖ ಮಾಡಿ ಕೂರುತ್ತಾರೆ, ಗೋಡೆಯ ಮೇಲೆ ಒಂದಾದ ಮೇಲೊಂದು ಬಾಟಲಿ ಹೋಗುತ್ತಿದೆಯೋ ಏನೋ, ನನಗೆ ಕಾಣುವುದಿಲ್ಲ. ನಾನೇ ಬರೆಯುತ್ತೇನೆ ಬಿಡಿ ಎಂದು ಕೂತೆ, ಕೂತ ಮೇಲೆ ಗೊತ್ತಾಯಿತು, ನನ್ನ ಹತ್ತಿರ ಬಟ್ಟೆಯೇ ಇಲ್ಲ.

ಮಗಳು ನರ್ಸಿಂಗ್ ಹಾಸ್ಟೆಲ್ಲಿನಿಂದ ಬೆಳಿಗ್ಗೆಯೇ ಪಾಠ ಒಪ್ಪಿಸಿದ್ದಾಳೆ, ಅಮ್ಮ, ಕಥೆ ಬರೀಬೇಡ, ಏನು ಮಾಡಿದ್ರು, ಎಷ್ಟು ಮಾಡಿದ್ರು ಅಷ್ಟೇ, ಅಂಕಿ ಹಾಕು, ಸುಳ್ಳು ಬೇಡ, ಆ ಕೆಲಸಕ್ಕೆ ಏನು ಬೇಕೋ ಅದನ್ನ ಮೇಲೆ ಹಾಕು, ಪ್ರತಿ ಸಾಲೂ ಕ್ರಿಯಾಪದದಿಂದ ಶುರು ಆಗ್ಬೇಕು, ಓದೋರು ಒಂದು ಕಾಗದಕ್ಕೆ ಹತ್ತು ಸೆಕೆಂಡ್ ಕೂಡ ಕೊಡಲ್ಲ — ಹತ್ತು ಸೆಕೆಂಡಿನಲ್ಲಿ ನಾನು ಒಂದು ಗುಂಡಿಯನ್ನೂ ಕೂರಿಸಲಾರೆ — ಕ್ರಿಯಾಪದದಿಂದ ಶುರು ಮಾಡು ಎನ್ನುತ್ತಾಳಲ್ಲ, ನಮ್ಮ ಮಾತಿನಲ್ಲಿ ಕ್ರಿಯಾಪದ ಕೊನೆಗೆ ತಾನೇ ಬರುವುದು, ಯಾರು, ಎಲ್ಲಿ, ಯಾರ ಜೊತೆ, ಯಾಕೆ ಎಂಬುದೆಲ್ಲ ಮುಗಿದ ಮೇಲೆ ಏನು ಮಾಡಿದರು ಎಂದು ಗೊತ್ತಾಗುತ್ತದೆ, ಕೊನೆವರೆಗೆ ಕಾದವರಿಗೆ ಮಾತ್ರ. ನಾನು ಕಾದವಳಲ್ಲವೇ, ಇಪ್ಪತ್ತೊಂದು ವರ್ಷ. ನಾನು ಹೊಲಿಗೆಯವಳು, ಹೊಸದು ಹೊಲಿಯುವವಳಲ್ಲ, ಇದ್ದದ್ದನ್ನು ಸರಿಮಾಡುವವಳು, ಜಿಪ್ಪು ಬದಲಿಸುವುದು, ಸೊಂಟ ಬಿಗಿ ಮಾಡುವುದು, ಸತ್ತವರ ಕೋಟನ್ನು ಇದ್ದವರ ಮೈಗೆ ತರುವುದು, ಇವರ ಕತ್ತು ಹದಿನೈದೂವರೆ, ತೋಳು ಇಪ್ಪತ್ತಮೂರು, ಎಡ ಭುಜ ಬಲಕ್ಕಿಂತ ಕಾಲಿಂಚು ಇಳಿಜಾರು, ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತೇನೆ, ಆದರೆ ಆ ಭುಜ ಹೊತ್ತುಕೊಂಡು ಹೋಗಿ ದಿನಕ್ಕೆ ಎಂಟು ಗಂಟೆ ಏನು ಮಾಡುತ್ತಿದ್ದರು ಎಂದು ಈ ಪುಟ ಕೇಳಿದರೆ ಬಾಯಿ ಬಿಡುತ್ತೇನೆ. ಎದ್ದು ಹೋಗಿ ಕೇಳಿದೆನಲ್ಲ, ಬಾಗಿಲಲ್ಲಿ ನಿಂತು, ರೀ, ಕೆಲಸದಲ್ಲಿ ಏನೇನು ಮಾಡ್ತಿದ್ರಿ ಸ್ವಲ್ಪ ಹೇಳಿ. ರೀ, ನಿಮ್ಮನ್ನೇ. ಎರಡನೇ ಸಲ ಕೂಗಿದ್ದಕ್ಕೆ ತಿರುಗಿದರು, ಬಾಟಲಿ ನೋಡ್ತಿದ್ದೆ. ನೋಡಿ? ಕೆಟ್ಟದ್ದನ್ನ ತೆಗೀತಿದ್ದೆ. ಮತ್ತೆ? ಮತ್ತೇನು, ಒಳ್ಳೇದನ್ನ ಬಿಡ್ತಿದ್ದೆ. ಸಾಧನೆ ಅಂತ ಒಂದು ಜಾಗ ಇದೆ, ಅಲ್ಲೇನು ಹಾಕ್ಲಿ? ಬಹಳ ಹೊತ್ತು ಯೋಚಿಸಿದರು, ನನಗೆ ಆಸೆಯಾಯಿತು, ಏನೋ ಬರುತ್ತಿದೆ ಎಂದು, ಏನೋ ಒಂದು ಬರಿ ಎಂದರು. ಮಾತು ಬೆಳ್ಳಿ ಮೌನ ಬಂಗಾರ ಅಂತ ತಿಳ್ಕೋಮ್ಮ, ನನ್ನ ಮಗ ಬಂಗಾರ ಎಂದಿದ್ದರು ಅತ್ತೆ, ಮದುವೆಯಾದ ಹೊಸದರಲ್ಲಿ, ಹೌದು ಅತ್ತೆ, ಮೈತುಂಬ ಬಂಗಾರ ಹೇರಿಕೊಂಡು ಕೂತಿದ್ದೇನೆ, ಒಂದು ಚೂರು ಬೆಳ್ಳಿ ಕೊಡುವವರಿಲ್ಲ.

ಕೊಕ್ಕರೆಗೇ ಕೇಳೋಣ ಎಂದು ಫೋನ್ ಹಚ್ಚಿದೆ, ಅವನು ಊಟದ ಬಿಡುವಿನಲ್ಲಿ ಎತ್ತಿದ, ಹಿಂದೆ ತಟ್ಟೆಗಳ ಸದ್ದು, ಹೇಳಿ ಅತ್ತಿಗೆ, ಹೇಗಿದಾನೆ ನಮ್ಮ ರೇಡಿಯೋ? ಯಾವ ರೇಡಿಯೋ, ನಮ್ಮ ಮನೆಯಲ್ಲಿ ರೇಡಿಯೋ ಇಲ್ಲ. ಅವನು ನಕ್ಕ, ನಗುತ್ತಲೇ ಇದ್ದ, ಅಯ್ಯೋ ನಿಮ್ಮ ಯಜಮಾನ್ರು ಅತ್ತಿಗೆ, ಅವನ್ನ ಇಡೀ ಕಾರ್ಖಾನೆ ಕರೀತಿದ್ದಿದ್ದೇ ರೇಡಿಯೋ ಅಂತ, ಒಂದ್ಸಲ ಹಾಕಿದ್ರೆ ಪಾಳಿ ಮುಗಿಯೋ ತನಕ ಆರಿಸೋ ಹಾಗಿಲ್ಲ. ನಾನು ತಪ್ಪು ನಂಬರಿಗೆ ಹಚ್ಚಿದೆನೋ ಎಂದು ಫೋನನ್ನು ಕಿವಿಯಿಂದ ತೆಗೆದು ನೋಡಿದೆ. ಅಲ್ಲಿ ಯಂತ್ರಗಳ ಸದ್ದಿಗೆ ಪಕ್ಕದವನು ಕೂಗಿದರೂ ಕೇಳುತ್ತಿರಲಿಲ್ಲವಂತೆ, ಎಲ್ಲ ಕೈಯಲ್ಲೇ, ಎಲ್ಲರಿಗೂ ನಾಲ್ಕು ಸನ್ನೆ ಗೊತ್ತಿತ್ತು, ನಿಲ್ಲಿಸು, ಬಿಡು, ಒಡಕು, ಚಹಾ, ಇವರು ಬಂದ ಮೇಲೆ ಅದು ನಾನೂರು ಆಯಿತಂತೆ. ಬೋಳುತಲೆ ಸವರಿಕೊಂಡರೆ ಸೂಪರ್‌ವೈಸರ್, ಕತ್ತಿನ ಹತ್ತಿರ ಟೈ ಗಂಟು ಬಿಗಿದರೆ ಮ್ಯಾನೇಜರ್, ಬಾಟಲಿಯ ಬಾಯಿ ಸೊಟ್ಟ ಇದ್ದರೆ ಒಂದು, ಗುಳ್ಳೆ ಇದ್ದರೆ ಒಂದು, ಕೂದಲೆಳೆಯ ಬಿರುಕಿದ್ದರೆ ಒಂದು, ಅವುಗಳ ನಡುವೆ ಕಥೆ, ಬಸ್ಸಿನಲ್ಲಿ ನಡೆದ ಜಗಳ, ಪಕ್ಕದ ಮನೆಯ ನಾಯಿ, ಬಾಟಲಿ ಸಾಗೋ ಬೆಲ್ಟಿನ ಈಚೆ ಅವನು ಆಚೆ ನಾವು, ನಕ್ಕು ನಕ್ಕು ಒಡಕು ಬಾಟಲಿ ಬಿಟ್ಟುಬಿಡ್ತೀವಿ ಅಂತ ಎರಡು ಸಲ ಅವನನ್ನ ಬೇರೆ ಸಾಲಿಗೆ ಹಾಕಿದ್ರು ಅತ್ತಿಗೆ, ಆ ಸಾಲೂ ಕೆಟ್ಟುಹೋಯ್ತು. ಆ ಹಲ್ಲಿನ ಸೆಟ್ಟಿನ ಕಥೆಯಂತೂ. ಯಾವ ಹಲ್ಲಿನ ಸೆಟ್ಟು ಎಂದೆ, ಎನ್ನುವಾಗಲೇ ಗೊತ್ತಾಯಿತು, ನನ್ನದೇ ಕಥೆ, ಯಾರದೋ ತೀರಿಹೋದ ತಾತನ ಕೋಟು ಬಿಗಿ ಮಾಡಲು ಬಂದಿತ್ತು, ಒಳಜೇಬಿಗೆ ಕೈ ಹಾಕಿದರೆ ಹಲ್ಲಿನ ಸೆಟ್ಟು ಬೆರಳು ಕಚ್ಚಿತ್ತು, ಅಂದು ಊಟಕ್ಕೆ ಬಡಿಸುತ್ತ ಇವರಿಗೆ ಹೇಳಿದ್ದೆ, ಹೇಳಿ ನಾನೊಬ್ಬಳೇ ನಕ್ಕಿದ್ದೆ, ಇವರು ಹೂಂ ಎಂದು ಅನ್ನ ಕಲಸಿದ್ದರು. ಆ ಹೂಂ ಮರುದಿನ ಬಸ್ಸು ಹತ್ತಿ ಹೋಗಿ ಇಡೀ ಕಾರ್ಖಾನೆಯನ್ನು ನಗಿಸಿ ಬಂದಿದೆ, ಮುದುಕನಾಗಿ, ಕೋಟಾಗಿ, ಹಲ್ಲಾಗಿ, ಕೊನೆಗೆ ನಾನಾಗಿ ಕಿರುಚಿ — ನೀವು ಬೆರಳು ಹಿಡ್ಕೊಂಡು ಕುಣಿದ್ರಂತಲ್ಲ ಅತ್ತಿಗೆ — ಕುಣಿದಿದ್ದೆ, ಹೌದು, ಇವರು ನೋಡಲೇ ಇಲ್ಲ ಎಂದುಕೊಂಡಿದ್ದೆ.

ಮನೆಯಲ್ಲಿ ಒಂದು ಮಾತು ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂದೆ, ತಡೆಯಲಾಗಲಿಲ್ಲ, ಹೊರಗಿನವನ ಹತ್ತಿರ ಹೇಳಬಾರದಿತ್ತು, ಹೇಳಿಬಿಟ್ಟೆ. ಆಮೇಲೆ ಕೊಕ್ಕರೆ, ದನಿ ಇಳಿಸಿ, ಕಿವಿಗೆ ಹಾಕ್ಕೊಳ್ಳಲ್ಲ ಅಲ್ಲ ಅತ್ತಿಗೆ, ಕಿವಿಗೆ ಬೀಳಲ್ಲ, ನಿಮಗೆ ಗೊತ್ತಿಲ್ವಾ, ಆ ಸದ್ದಲ್ಲಿ ಇಪ್ಪತ್ತಮೂರು ವರ್ಷ, ನನ್ನದು ಎಡಗಡೆ ಅಷ್ಟಕ್ಕಷ್ಟೇ, ಅವನದು ಎರಡೂ, ಮುಖ ನೋಡಿ ಹೇಳಿದ್ರೆ ತುಟಿ ಓದ್ತಾನೆ, ಬೆನ್ನ ಹಿಂದಿಂದ ಹೇಳಿದ್ರೆ ಗೋಡೆಗೆ ಹೇಳಿದ ಹಾಗೆ. ನಾನು ಎಲ್ಲಿ ನಿಂತು ಮಾತಾಡುತ್ತೇನೆ, ನೆನಪಿಸಿಕೊಳ್ಳುತ್ತಿದ್ದೇನೆ, ಒಲೆಯ ಮುಂದೆ, ಬೆನ್ನು ಹಾಕಿ, ಹೊಲಿಗೆ ಯಂತ್ರದ ಮುಂದೆ, ತಲೆ ತಗ್ಗಿಸಿ, ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡು, ಮಗಳ ಪರೀಕ್ಷೆ, ಅತ್ತೆಯ ಕಾಯಿಲೆ, ನನಗೆ ಬೇಜಾರಾಗಿದೆ ಎಂಬುದನ್ನೂ ಬೆನ್ನು ಹಾಕಿಯೇ ಹೇಳಿದ್ದೇನೆ, ಬೆನ್ನು ಹಾಕಿಯೇ ಅತ್ತಿದ್ದೇನೆ, ಅಳುವಾಗ ಯಾರು ಮುಖ ತೋರಿಸುತ್ತಾರೆ, ಕೇಳಿಸಿಯೂ ಕೂತಿದ್ದಾರೆ ಎಂದು ಹಲ್ಲು ಕಚ್ಚಿದ್ದೇನೆ. ಹೇಳಬಾರದಿತ್ತೇ ಇವರು, ನನಗೆ ಕೇಳಿಸುವುದಿಲ್ಲ ಕಣೇ ಎಂದು ಒಂದು ಸಲ, ಹೇಳಿದ್ದರೆ ಇವರ ಎದುರು ಸ್ಟೂಲು ಹಾಕಿಕೊಂಡು ಕೂತುಬಿಡುತ್ತಿದ್ದೆ, ಒಲೆ ಉರಿದು ಹೋಗಲಿ. ಕೊಕ್ಕರೆ ಹೇಳುತ್ತಲೇ ಇದ್ದ, ಸಾಧನೆ ಕೇಳಿದ್ರಲ್ಲ, ಬರ್ಕೊಳ್ಳಿ, ಪ್ಯಾಕಿಂಗಿನ ಒಬ್ಬ ಹುಡುಗಿಯ ತೋಳಿನ ಬಟ್ಟೆ ರೋಲರಿಗೆ ಸಿಕ್ಕಿಹಾಕಿಕೊಂಡು ಕೈ ಎಳೆದುಕೊಂಡು ಹೋಗುತ್ತಿತ್ತಂತೆ, ಅವಳು ಕಿರುಚಿದ್ದು ಪಕ್ಕದವಳಿಗೂ ಕೇಳಿಸಿಲ್ಲ, ನಲವತ್ತು ಅಡಿ ದೂರದಿಂದ ಇವರು ಅವಳ ಬಾಯಿ ನೋಡಿದ್ದಾರೆ, ಮೇಜಿನ ಮೇಲೆ ಹತ್ತಿ ಎರಡು ಕೈ ಅಡ್ಡ ಕಟ್ಟಿ ಎತ್ತಿದ್ದಾರೆ, ನಿಲ್ಲಿಸು ಎಂದು, ಯಂತ್ರ ಆರಿಸುವ ಗುಂಡಿಯ ಹತ್ತಿರ ಇದ್ದವನು ಅದನ್ನು ನೋಡಿದ್ದಾನೆ, ಬೆಲ್ಟು ನಿಂತಿದೆ, ರೋಲರು ಅವಳ ಮೊಣಕೈ ಮುಟ್ಟುವುದರೊಳಗೆ. ಯಾವಾಗ ಎಂದೆ. ಏಳು ವರ್ಷ ಆಯ್ತು, ಬೇಸಿಗೆ. ಏಳು ವರ್ಷ, ಬೇಸಿಗೆ, ಒಂದು ಸಂಜೆ ಇವರು ಬಂದು ಚಪ್ಪಲಿ ಕೂಡ ಬಿಡದೆ ಮೂರು ಲೋಟ ನೀರು ಕುಡಿದರು, ಏನಾಯ್ತು ಅಂದೆ, ಏನಿಲ್ಲ ಅಂದರು, ನಲ್ಲಿಗೆ ವಾಷರ್ ತರಲಿಲ್ಲ ಎಂದು ನಾನು ಅವತ್ತು ಮಾತು ಬಿಟ್ಟಿದ್ದೆ, ನಲ್ಲಿ ತೊಟ್ಟಿಕ್ಕುತ್ತಿತ್ತು, ನನಗೆ ಮಾತ್ರ ಕೇಳಿಸುತ್ತಿತ್ತು.

ಫೋನ್ ಇಡುವ ಮೊದಲು ಅವನೇ ಹೇಳಿದ್ದು, ಕೇಳಿದ್ದು ನಾನಲ್ಲ, ಎಲ್ಲರ ಹೆಂಡತಿಯರಿಗೂ ಒಂದೊಂದು ಸನ್ನೆ ಇತ್ತು ಅತ್ತಿಗೆ, ನನ್ನವಳಿಗೆ ಎರಡೂ ಕೈ ಸೊಂಟದ ಮೇಲೆ, ಹೀಗೆ, ಅಷ್ಟು ಮಾಡಿದ್ರೆ ಸಾಕು, ಇಡೀ ಸಾಲು ಹೆದರ್ಕೊಳ್ಳೋದು. ನನಗೂ ಇತ್ತಾ? ಇಲ್ದೇ ಇರತ್ತಾ. ಏನು? ಅವನು ತಡೆದ. ಫೋನಲ್ಲಿ ಸನ್ನೆ ಹೇಗೆ ತೋರಿಸ್ಲಿ ಅತ್ತಿಗೆ. ಮಾತಲ್ಲಿ ಹೇಳಿ. ಅದು ಅವನದು, ಅವನನ್ನೇ ಕೇಳಿ, ಗಂಟೆ ಹೊಡೀತು, ನಾಲ್ಕರೊಳಗೆ ಮರೀಬೇಡಿ.

ಈಗ ಬಟ್ಟೆ ಇದೆ, ಬೇಕಾದ್ದಕ್ಕಿಂತ ಹೆಚ್ಚಿದೆ, ಒಂದು ಪುಟಕ್ಕೆ ಕತ್ತರಿಸಬೇಕು, ಕತ್ತರಿ ಓಡುತ್ತಿಲ್ಲ. ನಿಮಿಷಕ್ಕೆ ನೂರಿಪ್ಪತ್ತು ಬಾಟಲಿ ಪರೀಕ್ಷಿಸಿದ್ದಾರೆ, ಇಪ್ಪತ್ತಮೂರು ವರ್ಷ, ಅಂಕಿ ಹಾಕಿದೆ. ಸದ್ದಿನ ಜಾಗದಲ್ಲಿ ಕೆಲಸ ಮಾಡಲು ಸನ್ನೆಗಳ ಭಾಷೆ ಬೆಳೆಸಿದ್ದಾರೆ, ನಲವತ್ತು ಹೊಸಬರಿಗೆ ಕೆಲಸ ಕಲಿಸಿದ್ದಾರೆ, ಕೊಕ್ಕರೆ ಹೇಳಿದ ಲೆಕ್ಕ. ಯಂತ್ರದ ಅಪಘಾತವೊಂದನ್ನು ತಡೆದಿದ್ದಾರೆ — ಒಂದು ಸಾಲು, ಆ ಹುಡುಗಿಯ ಬಾಯಿ ಎಲ್ಲಿ ಇದರಲ್ಲಿ, ಮೇಜು ಎಲ್ಲಿ, ಮೂರು ಲೋಟ ನೀರು ಎಲ್ಲಿ, ಕಥೆ ಬರೀಬೇಡಮ್ಮ, ಇಲ್ಲ ಮಗಳೇ, ಬರೆಯುತ್ತಿಲ್ಲ, ಬರೀ ಅಂಚು ಹೊಲಿಯುತ್ತಿದ್ದೇನೆ. ಗುಣಸ್ವಭಾವ ಎಂಬಲ್ಲಿ ಕೈ ತಾನಾಗಿ ಮಿತಭಾಷಿ ಎಂದು ಹೊಡೆಯಿತು, ಒಂದೊಂದೇ ಅಕ್ಷರ ಅಳಿಸಿದೆ, ಮಾತುಗಾರ ಎಂದು ಹೊಡೆದೆ, ಹೊಡೆದು ನೋಡುತ್ತ ಕೂತೆ, ಯಾರಿವನು, ಈ ಮಾತುಗಾರ, ಇವನನ್ನು ನಾನು ನೋಡೇ ಇಲ್ಲವಲ್ಲ, ದಿನಾ ಬೆಳಿಗ್ಗೆ ಅಂಗಿಯ ಗುಂಡಿ ಹಾಕಿ ಕಳಿಸಿದ್ದು ನಾನು, ಸಂಜೆ ಬರುತ್ತಿದ್ದದ್ದು ಬರೀ ಅಂಗಿ. ಹೊಟ್ಟೆಕಿಚ್ಚು ಯಾರ ಮೇಲೆ, ಒಬ್ಬ ಹೆಂಗಸಿದ್ದಿದ್ದರೆ ಹೋಗಿ ಜಗಳ ಆಡಬಹುದಿತ್ತು, ಒಂದು ಕಾರ್ಖಾನೆಯ ಜಡೆ ಹಿಡಿಯುವುದು ಹೇಗೆ, ಅದೂ ಬಾಗಿಲು ಹಾಕಿದ ಮೇಲೆ. ಆ ಬೆಲ್ಟಿನ ಮೇಲೆ ಒಂದು ಬಾಟಲಿಯಾಗಿ ಹೋಗಿದ್ದರೂ ಆಗುತ್ತಿತ್ತು, ಬಾಟಲಿ ಪರೀಕ್ಷಿಸುವ ಬಿಳಿ ದೀಪದ ಮುಂದೆ ಅರ್ಧ ಕ್ಷಣ ನಿಲ್ಲುತ್ತಿದ್ದೆ, ಇವರು ತಲೆಯಿಂದ ಕಾಲಿನವರೆಗೆ ನೋಡುತ್ತಿದ್ದರು, ಗುಳ್ಳೆ ಇದೆಯೋ, ಕೂದಲೆಳೆಯ ಬಿರುಕಿದೆಯೋ, ಇದೆ ಇದೆ, ತೆಗೆದಿಟ್ಟುಕೊಳ್ಳಿ. ಏನಿರಬಹುದು ಆ ಸನ್ನೆ. ಹೊಲಿಗೆ ಯಂತ್ರದ ಗಾಲಿ ತಿರುಗಿಸುವುದಿರಬೇಕು, ಅಥವಾ ಬಾಯಲ್ಲಿ ಗುಂಡುಸೂಜಿ, ಅಥವಾ ಕೆನ್ನೆ ಉಬ್ಬಿಸಿ ಎರಡು ಕೈ ಅಗಲ ಮಾಡುವುದು, ದಪ್ಪಗಾಗಿದ್ದೇನಲ್ಲ, ಅಥವಾ ಬೆರಳುಗಳನ್ನು ಬಾತುಕೋಳಿಯ ಕೊಕ್ಕಿನ ಹಾಗೆ ಪಟಪಟ ಬಡಿಯುವುದು, ಎಲ್ಲ ಗಂಡಸರೂ ಹೆಂಡತಿಗೆ ಮಾಡುವುದು ಅದನ್ನೇ — ಅದೇ ಆಗಿದ್ದರೆ ಕೊಕ್ಕರೆ ನಗುತ್ತಿದ್ದ, ನಗಲಿಲ್ಲ ಅವನು, ತಡೆದ.

ಕೆಳಗಿನ ಅಂಗಡಿಯಲ್ಲಿ ಎರಡು ಪ್ರತಿ ತೆಗೆಸಿದೆ, ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತ ಒಳಕೋಣೆಗೆ ಹೋದೆ, ಅಭ್ಯಾಸಬಲ, ರೀ ಎಂದು ಬಾಗಿಲಲ್ಲೇ ಬಾಯಿ ತೆರೆದವಳು ಮುಚ್ಚಿಕೊಂಡೆ, ಸುತ್ತಿ ಬಂದು ಗೋಡೆಗೂ ಇವರಿಗೂ ನಡುವೆ ನಿಂತೆ, ಬಾಟಲಿಗಳು ಹೋಗುವ ದಾರಿಯಲ್ಲಿ. ತಲೆಯೆತ್ತಿದರು. ಎಷ್ಟು ವರ್ಷವಾಯಿತೋ ಇಷ್ಟು ಹತ್ತಿರದಿಂದ ಕಣ್ಣು ನೋಡಿ, ಕಣ್ಣಿಗೆ ಅಳತೆಯ ಟೇಪು ಬೇಕಿಲ್ಲವಲ್ಲ. ಕಾಗದ ಕೊಟ್ಟೆ. ಓದಿದರು, ಹತ್ತು ಸೆಕೆಂಡು ಅಲ್ಲ, ಬೀದಿಯಲ್ಲಿ ಹಳೆ ಕಾಗದದವನು ಈ ತುದಿಯಿಂದ ಆ ತುದಿಗೆ ಕೂಗಿಕೊಂಡು ಹೋಗುವಷ್ಟು ಹೊತ್ತು, ತುಟಿ ಅಲ್ಲಾಡುತ್ತಿತ್ತು, ಮೊಣಕಾಲಿನ ಮೇಲೆ ಉಳಿದ ಒಂದು ಕೈಯ ಹೆಬ್ಬೆರಳು ಒಮ್ಮೆ ಎದ್ದು ಮಲಗಿತು. ಕೊಕ್ಕರೇನಾ ಹೇಳಿದ್ದು? ಹೂಂ ಎಂದೆ, ಇವರ ಹೂಂ ಈಗ ನನ್ನ ಬಾಯಲ್ಲಿ. ನಲವತ್ತಲ್ಲ, ಮೂವತ್ತೆಂಟು ಎಂದರು, ಇಬ್ಬರು ಅರ್ಧಕ್ಕೇ ಬಿಟ್ಟು ಹೋದ್ರು, ಸುಳ್ಳು ಯಾಕೆ. ಪೆನ್ಸಿಲ್ ತಂದುಕೊಟ್ಟೆ, ತಾವೇ ತಿದ್ದಿದರು, ಮತ್ತೆ ಟೈಪ್ ಮಾಡಿ ಕೊಡಲಾ ಎಂದರೆ ಬೇಡ ಎಂದರು, ತಿದ್ದಿದ್ದು ಕಾಣ್ಲಿ, ಪರೀಕ್ಷೆ ಮಾಡೋನು ತಾನೇ. ಹೆಚ್ಚುಕಮ್ಮಿ ನಗುವಿನ ಹತ್ತಿರದ್ದೇನೋ ಒಂದು ಮುಖದ ಮೇಲೆ ಹಾದುಹೋಯಿತು. ನನಗೆ ಯಾಕೆ ಹೇಳ್ಲಿಲ್ಲ ಎಂದೆ, ಮುಖ ಕೊಟ್ಟು, ನಿಧಾನವಾಗಿ, ಕಿವಿಯ ವಿಷಯ, ಆ ಹುಡುಗಿಯ ವಿಷಯ, ಯಾವುದೂ. ನನ್ನ ತುಟಿಯನ್ನೇ ನೋಡುತ್ತಿದ್ದರು, ಮೊದಲಿನಿಂದಲೂ ಹೀಗೇ ನೋಡುತ್ತಿದ್ದರೋ, ನಾನು ಅದನ್ನು ಬೇರೆ ಏನೋ ಎಂದುಕೊಂಡು ಸೆರಗು ಸರಿಮಾಡಿಕೊಳ್ಳುತ್ತಿದ್ದೆನೋ. ಅಲ್ಲಿ ಯಾರಿಗೂ ಏನೂ ಕೇಳ್ತಿರ್ಲಿಲ್ಲ, ಅದಕ್ಕೆ ಮಾತಾಡ್ತಿದ್ದೆ ಎಂದರು. ಇಲ್ಲಿ ನನಗೊಬ್ಬನಿಗೇ ಕೇಳ್ತಿರ್ಲಿಲ್ಲ. ಅಷ್ಟೇ, ಅಷ್ಟು ಹೇಳಿ ಎದ್ದರು, ಎದ್ದರು ಎಂಬುದನ್ನು ನಾನು ಸ್ವಲ್ಪ ತಡವಾಗಿ ನೋಡಿದೆ, ಯಾರೂ ಏಳಿ ಎನ್ನದೆ, ಬಚ್ಚಲಿನಲ್ಲಿ ನೀರು ಬಿಟ್ಟುಕೊಂಡು ಗಡ್ಡಕ್ಕೆ ಸೋಪು ಹಚ್ಚುತ್ತಿದ್ದಾರೆ.

ನೀಲಿ ಅಂಗಿ ಇಸ್ತ್ರಿ ಮಾಡಿ ಕೊಟ್ಟೆ, ಕಾಲರು ಸವೆದಿತ್ತೆಂದು ಹೋದ ವರ್ಷ ತಿರುಗಿಸಿ ಹೊಲಿದದ್ದು, ಹೊಸದರ ಹಾಗೇ ಕಾಣುತ್ತದೆ, ಕತ್ತು ಮಾತ್ರ ಸಡಿಲ, ಹದಿನೈದೂವರೆ ಇಲ್ಲ ಈಗ, ಹದಿನೈದಕ್ಕೆ ಇಳಿದಿದ್ದಾರೆ, ನನಗೆ ಗೊತ್ತೇ ಆಗಲಿಲ್ಲ, ಅಳತೆಯೂ ತಪ್ಪಿತು. ಮೂರಕ್ಕೆ ಐದು ನಿಮಿಷ, ಮೂರು ಹತ್ತರ ಬಸ್ಸು, ಕಾಗದವನ್ನು ಮಗಳ ಹಳೆಯ ಫೈಲಿನಲ್ಲಿಟ್ಟು ಕೈಗೆ ಕೊಟ್ಟೆ, ಚಪ್ಪಲಿ ಹಾಕಿಕೊಂಡರು, ಬಾಗಿಲು ತೆಗೆದರು, ಹೋಗಿಬಿಡುತ್ತಾರೆ, ಈಗ ಕೇಳದಿದ್ದರೆ ಇನ್ನು ಇಪ್ಪತ್ತೊಂದು ವರ್ಷ ಕೇಳುವುದಿಲ್ಲ, ಓಡಿ ಹೋಗಿ ಎದುರು ನಿಂತೆ, ಹೊಸ್ತಿಲಿನ ಆಚೆ, ಮೆಟ್ಟಿಲಿಗೆ ಬೆನ್ನು ಹಾಕಿ. ನನಗೆ ಯಾವ ಸನ್ನೆ ಮಾಡ್ತಿದ್ರಿ? ಕಣ್ಣು ತಪ್ಪಿಸಿದರು. ಕಿವಿ ಕೆಂಪಾಯಿತು, ಕೇಳಿಸದ ಕಿವಿಯೂ ಕೆಂಪಾಗುತ್ತದೆ. ಬಸ್ಸು ಹೋಗತ್ತೆ ಎಂದರು. ಹೋಗ್ಲಿ ಎಂದೆ. ಫೈಲನ್ನು ಎಡಗೈಗೆ ದಾಟಿಸಿಕೊಂಡರು, ಬಲಗೈ ಎತ್ತಿದರು, ಎಂಥ ಕೈ ಅದು, ಇವರದೇ, ಆದರೆ ಮಡಿಕೆ ಬಿಚ್ಚಿಕೊಂಡ ಹಾಗೆ ಎದ್ದಿತು, ಬೆರಳು ಕೂಡಿಸಿ ಹುಬ್ಬಿನ ಮೇಲೆ ಅಡ್ಡ ಹಿಡಿದರು, ಕಣ್ಣು ಕಿರಿದು ಮಾಡಿ, ಕತ್ತು ಸ್ವಲ್ಪ ಮುಂದೆ ಚಾಚಿ, ದೂರ ನೋಡುವವರ ಹಾಗೆ, ಕತ್ತಲೆ ಮೆಟ್ಟಿಲಿನಲ್ಲಿ, ಬಿಸಿಲೇ ಇಲ್ಲದ ಕಡೆ. ಅರ್ಥವಾಗಲಿಲ್ಲ ಎಂದೆ. ಮೊದಲ್ನೇ ಮನೆ, ಮೊದಲ್ನೇ ವರ್ಷ ಎಂದರು, ಬಾಲ್ಕನೀಲಿ ನಿಂತ್ಕೊಂಡಿರ್ತಿದ್ದೆಯಲ್ಲ. ಕೈ ಇಳಿಸಿದರು, ಬರ್ತೀನಿ ಎಂದರು, ನನ್ನ ಭುಜವನ್ನು ಪಕ್ಕಕ್ಕೆ ಸರಿಸುವ ನೆಪದಲ್ಲಿ ಒಂದು ಕ್ಷಣ ಹಿಡಿದು, ಇಳಿದು ಹೋದರು, ಎರಡನೇ ಮಹಡಿ, ಮೊದಲನೇ ಮಹಡಿ, ಹೆಜ್ಜೆಗಳು ಬೇಗ ಬೇಗ ಬೀಳುತ್ತಿವೆ.

ನಿಂತಿರುತ್ತಿದ್ದೆ. ನಾನು, ಹೌದು. ಪಡುವಣಕ್ಕೆ ಮುಖವಿದ್ದ ಒಂದೇ ಕೋಣೆಯ ಮನೆ, ಬಟ್ಟೆ ಒಣಹಾಕುವಷ್ಟೇ ಬಾಲ್ಕನಿ, ಐದೂವರೆಯ ಬಿಸಿಲು ನೇರ ಕಣ್ಣಿಗೆ, ಪಾಳಿ ಬಿಟ್ಟು ಬರುವವರು ಮೂಲೆಯಲ್ಲಿ ತಿರುಗುವುದು ಕಾಣಬೇಕೆಂದು — ಎಲ್ಲ ಗಂಡಸರೂ ಬಿಸಿಲಿನಲ್ಲಿ ಒಂದೇ ಥರ ಕಪ್ಪಗೆ ಕಾಣುತ್ತಿದ್ದರು, ಎಡ ಭುಜ ಇಳಿಜಾರು ಇರುವವರನ್ನು ಹುಡುಕುತ್ತಿದ್ದೆ, ಅಳತೆ ತೆಗೆಯುವ ಮೊದಲೇ ಆ ಕಾಲಿಂಚು ಗೊತ್ತಿತ್ತು ನನಗೆ — ಯಾವಾಗ ಬಿಟ್ಟೆ, ಇಂಥ ದಿನ ಎಂದಿಲ್ಲ, ಮಗು ಅತ್ತಿರಬೇಕು, ಹಾಲು ಉಕ್ಕಿರಬೇಕು, ಹೊಲಿಗೆ ಬೇಕೆಂದು ಯಾರೋ ಬಾಗಿಲು ತಟ್ಟಿರಬೇಕು, ಮನೆ ಬದಲಾಯಿತು, ಈ ಮನೆಯ ಬಾಲ್ಕನಿ ಇರುವುದು ಹಿಂದಿನ ಓಣಿಗೆ, ಮರೆತೇಬಿಟ್ಟಿದ್ದೆ, ಮರೆತಿದ್ದೇನೆ ಎಂಬುದನ್ನೂ. ಇವರು ಮರೆತಿಲ್ಲ. ಹಲ್ಲಿನ ಸೆಟ್ಟಿನ ಕಥೆ ಶುರುವಾಗಬೇಕಾದರೆ ಮೊದಲು ಈ ಕೈ, ಅವಳು ಹೇಳಿದಳು ಎನ್ನಬೇಕಾದರೆ ಈ ಕೈ, ನನ್ನವಳಿಗೆ ಹುಷಾರಿಲ್ಲ, ಮನೆಗೆ ಹೋಗಬೇಕು, ಈ ಕೈ, ಬೆಲ್ಟಿನ ಆಚೆ ನಿಂತ ಅಷ್ಟೂ ಜನಕ್ಕೆ ನಾನೆಂದರೆ ಇದೇ, ಮೂವತ್ತೆಂಟು ಹೊಸಬರೂ ಇದನ್ನೇ ಕಲಿತಿರಬೇಕು, ನಾನು ಇಲ್ಲಿ ಬೆನ್ನು ಹಾಕಿ ಗೊಣಗುತ್ತಿದ್ದ ಅಷ್ಟೂ ವರ್ಷ ಅಲ್ಲಿ, ಆ ಸದ್ದಿನ ನಡುವೆ, ಬಿಳಿ ದೀಪದ ಮುಂದೆ, ನಾನು ನಿಂತು ಕಾಯುತ್ತಲೇ ಇದ್ದೆ, ಯಾರೂ ಒಳಗೆ ಬಾ ಎನ್ನದೆ, ಬಿಸಿಲು ಇಳಿಯದೆ. ಕ್ರಿಯಾಪದ ಏನು ಇದಕ್ಕೆ, ಯಾವ ಸಾಲಿನಲ್ಲಿ ಹಾಕಲಿ. ಕೆಳಗೆ ಬೀದಿಬಾಗಿಲು ಬಡಿದುಕೊಂಡಿತು. ಬಸ್ಸು ಸಿಗುತ್ತದೋ. ಕೆಲಸ ಸಿಗುತ್ತದೋ. ಕತ್ತಲೆ ಮೆಟ್ಟಿಲಿನಲ್ಲಿ ಇನ್ನೂ ಎತ್ತಿಯೇ ಇದೆ, ಹುಬ್ಬಿನ ಮೇಲೆ ಅಡ್ಡ ಹಿಡಿದ ಕೈ, ಅದರ ನೆರಳಿನಲ್ಲಿ ಕಿರಿದಾದ ಎರಡು ಕಣ್ಣು, ಹುಬ್ಬಿನ ಮೇಲೆ ಆ ಕೈ, ಆ ಕೈ —